ಪೆಟ್ರೋಲ್ ಕುಡಿದವರು ಯಾರು?

೮ ಜೂನ್ ೧೯೮೧, ಸೋಮವಾರ

ಎಲ್ಲರ ಗಾಡಿಯೂ ಪೆಟ್ರೋಲ್ ಕುಡಿಯುತ್ತದೆ. ನನ್ನ ಅಂಬಾಸಡರ್ ಕದ್ದು ಕುಡಿಯುತ್ತದೆ. ಬೇರೆಯವರದು ಲೀಟರಿಗೆ ಹತ್ತು ಕಿಲೋಮೀಟರ್ ಓಡಿದರೆ ನನ್ನದು ಏಳಕ್ಕೇ ಸುಸ್ತು. ಕಳೆದ ದೀಪಾವಳಿಯಿಂದ ಹಿಡಿದ ರೋಗ ಇದು. ಪ್ಲಗ್ ಬದಲಿಸಿದೆ, ಕಾರ್ಬ್ಯುರೇಟರ್ ತೊಳೆಸಿದೆ, ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ದಿನಾ ಸಂಜೆ ನಾನೇ ಬಗ್ಗಿ ಮೀಟರ್ ನೋಡಿ ಇಲ್ಲಿ ಬರೆಯುತ್ತೇನೆ. ಆದರೂ ಏಳೇ. ಡ್ರೈವರ್ ಓಬಳೇಶನನ್ನು ಕೇಳಿದರೆ ಒಂದೇ ಉತ್ತರ: "ಗಾಡಿಗೆ ವಯಸ್ಸಾಗೈತ್ರಿ ಸಾವ್ಕಾರ್ರ." ನನಗೂ ವಯಸ್ಸಾಗಿದೆ. ನಾನೇನು ಎರಡು ತಾಟು ಉಣ್ಣುತ್ತೇನೆಯೇ?

ಇವತ್ತು ಹರಪನಹಳ್ಳಿಯ ಪಾಲಾಕ್ಷಪ್ಪ ಎಂಬವನು ಅಂಗಡಿಗೆ ಬಂದ. ಬಿಳಿ ಪ್ಯಾಂಟು, ಚರ್ಮದ ಚೀಲ. ಚೀಲದಿಂದ ಬಾಯಿ ಮುಚ್ಚಿದ, ಸುತ್ತ ತೂತುಗಳಿರುವ ಹಿತ್ತಾಳೆಯ ಸಣ್ಣ ಬಟ್ಟಲೊಂದನ್ನು ತೆಗೆದು ಗಾದಿಯ ಮೇಲೆ ಇಟ್ಟ. ಕಾರ್ಬ್ಯುರೇಟರಿನ ಕೆಳಗೆ ಕೂರಿಸಿದರೆ ಮುಗಿಯಿತಂತೆ, ಲೀಟರಿಗೆ ಮೂರು ಕಿಲೋಮೀಟರ್ ಹೆಚ್ಚು. ಕೊಟ್ಟೂರಿನಲ್ಲಿ ಇಪ್ಪತ್ತು ವರ್ಷ ಶೇಂಗಾ ದಲಾಲಿ ಮಾಡಿದವನು ನಾನು. ಕಾಯಿ ಹಸಿಯೋ ಒಣಗಿದೆಯೋ ಎಂದು ರೈತನ ಬಾಯಿಂದ ಕೇಳುವುದಿಲ್ಲ, ಕಾಯನ್ನೇ ಕಿವಿಗೆ ಹಿಡಿದು ಅಲ್ಲಾಡಿಸುತ್ತೇನೆ. ಹಿತ್ತಾಳೆ ಬಟ್ಟಲನ್ನೂ ಅಲ್ಲಾಡಿಸಿದೆ. ಗಲ್ ಎಂದಿತು.

"ಒಳಗೊಂದು ಉಕ್ಕಿನ ಗುಂಡು ಐತ್ರೀ ಉಜ್ಜಿನಪ್ನೋರೆ. ಗಾಳಿ, ಪೆಟ್ರೋಲು ಎರಡನ್ನೂ ಮಜ್ಗಿ ಕಡ್ದಂಗೆ ಕಡಿತತಿ. ನಾನ್ ಹೇಳೋದು ಬ್ಯಾಡ, ನಿಮ್ ಗಾಡಿನೇ ಹೇಳ್ತತಿ ನೋಡ್ರಿ."

ಮಜ್ಜಿಗೆ ಕಡೆದರೆ ಬೆಣ್ಣೆ ಬರುತ್ತದೆ, ಪೆಟ್ರೋಲ್ ಕಡೆದರೆ ಏನು ಬರುತ್ತದೆ ಎಂದು ಕೇಳಿದೆ. ನಕ್ಕ. ನಗುವವರನ್ನು ನಾನು ನಂಬುವುದಿಲ್ಲ. ಎರಡು ತಿಂಗಳಲ್ಲಿ ಮೈಲೇಜು ಏರದಿದ್ದರೆ ಹಣ ವಾಪಸು ಎಂದು ಬರೆಸಿ, ಸಹಿ ಹಾಕಿಸಿಕೊಂಡೇ ಕಳಿಸಿದೆ.

೧೦ ಜೂನ್, ಬುಧವಾರ

ಬಟ್ಟಲು ಕೂರಿಸಿದ್ದಾಯಿತು. ಪರೀಕ್ಷೆ ಎಂದ ಮೇಲೆ ಪೂರ್ತಿ ಆಗಬೇಕು. ಗಾಡಿಯ ಕೀಲಿಯೂ ಇನ್ನು ನನ್ನ ಹತ್ತಿರವೇ. ನಾನಿಲ್ಲದೆ ಗಾಡಿ ಗೇಟು ದಾಟುವಂತಿಲ್ಲ. ಪ್ರತಿ ಗುರುವಾರ ಹೊಸಪೇಟೆಗೆ ರೈಲಿನಲ್ಲಿ ಹೋಗುತ್ತಿದ್ದೆ, ಗಾಡಿ ಮನೆಯಲ್ಲಿ ನಿಂತರೆ ಪೆಟ್ರೋಲಾದರೂ ಉಳಿಯಲಿ ಎಂದು. ಇನ್ನು ಅದಕ್ಕೂ ಗಾಡಿಯೇ.

ಊಟಕ್ಕೆ ಬಡಿಸುತ್ತಿದ್ದ ಶಿವಬಸಮ್ಮನ ಕೈ ನಿಂತಿತು. "ಗುರುವಾರ ಗಾಡಿ ಮನ್ಯಾಗ ಇರಂಗಿಲ್ಲೇನ್ರಿ?"

"ಯಾಕ, ನಿನಗೇನು ಕೆಲಸ?"

"ಏನಿಲ್ಲ ಬಿಡ್ರಿ."

ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಮರೆತವಳಲ್ಲ.

೧೪ ಜೂನ್, ಭಾನುವಾರ

ಹಿಂದಿನ ಸೀಟಿನಲ್ಲಿ ಕೂತರೆ ಮೀಟರ್ ಕಾಣುವುದಿಲ್ಲ, ಓಬಳೇಶನ ಬೆನ್ನು ಮಾತ್ರ ಕಾಣುತ್ತದೆ. ಆದ್ದರಿಂದ ಮುಂದೆ ಕೂತೆ. ಸಾವ್ಕಾರ ಹಿಂದೆ ಕೂರಬೇಕು ಎಂಬುದು ರೂಢಿ. ಓಬಳೇಶನಿಗೆ ಕಸಿವಿಸಿಯಾಗಿ ತನ್ನ ಟವೆಲ್ಲಿನಿಂದ ಸೀಟು ಒರೆಸಿದ. ಕೂಡ್ಲಿಗಿಗೆ ಹೋಗಿ ಬರುವವರೆಗೆ ನಾನು ಮೀಟರ್ ನೋಡಿದೆ, ಅವನು ರಸ್ತೆ ನೋಡಿದ. ಏರು ಬಂದಾಗ ಗಾಡಿಗೆ "ಏಳವ್ವ, ಏಳು" ಎನ್ನುತ್ತಾನೆ. ಹನ್ನೊಂದು ವರ್ಷದಿಂದ ಹೀಗೇ ಅನ್ನುತ್ತಿದ್ದನೋ ಅಥವಾ ನನ್ನ ಮುಂದೆ ನಾಟಕವೋ ತಿಳಿಯಲಿಲ್ಲ.

೧೮ ಜೂನ್, ಗುರುವಾರ

ಹೊಸಪೇಟೆ. ದಾರಿಯಲ್ಲಿ ಮರಿಯಮ್ಮನಹಳ್ಳಿಯಾಚೆ ಒಂದು ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದೆವು. ಓಬಳೇಶ ತನ್ನ ಗಂಟನ್ನು ತೆಗೆದುಕೊಂಡು ದೂರ ಬಿಸಿಲಲ್ಲಿ ನಿಂತ. "ನೆರಳು ಇಷ್ಟು ಬಿದ್ದೈತಿ, ಅಲ್ಲಿ ಯಾಕ ಸುಡತೀ, ಇಲ್ಲಿ ಬಾ" ಎಂದೆ. ಬಂದು ಬೇರಿನ ಮೇಲೆ ಕೂತ. ಅವನ ಹೆಂಡತಿ ದುರುಗಮ್ಮ ಮಾಡಿದ ಕಾರೆಳ್ಳು ಚಟ್ನಿ ಕೊಟ್ಟ. ನಮ್ಮ ಮನೆಯದಕ್ಕಿಂತ ಚೆನ್ನಾಗಿದೆ. ಇದನ್ನು ಶಿವಬಸಮ್ಮನಿಗೆ ಹೇಳಲಿಲ್ಲ. ಹೇಳಿದ್ದರೂ ಕೇಳಿಸಿಕೊಳ್ಳುತ್ತಿರಲಿಲ್ಲ, ಬಾಗಿಲಲ್ಲಿ ಕೂತು ಬೀದಿಯನ್ನೇ ನೋಡುತ್ತಿದ್ದಳು.

೨೫ ಜೂನ್, ಗುರುವಾರ

ಒಂದು ಸುಳಿವು ಸಿಕ್ಕಿದೆ. ಹೊಸಪೇಟೆಯಲ್ಲಿ ಗಾಡಿ ನಿಲ್ಲಿಸಿದಾಗ ಹಿಂದಿನ ಸೀಟಿನ ಸಂದಿಯಿಂದ ಅರಳೆಯ ಉಂಡೆ ಬಿತ್ತು. ಒಣಗಿದೆ, ಹಳದಿ ಔಷಧಿಯ ಕಲೆ ಇದೆ. ಸೀಟಿಗೆ ತಲೆ ಆನಿಸುವಲ್ಲಿ ಎಣ್ಣೆಯ ಕಲೆ. ಮೂಸಿದೆ, ಔಡಲೆಣ್ಣೆ. ನಾನು ಹಚ್ಚುವುದು ಕೊಬ್ಬರಿ ಎಣ್ಣೆ.

"ಇದೇನಲೇ?" ಎಂದೆ.

"ನಂದರಿ. ಕೈ ತರಚಿತ್ತು."

"ಯಾವ ಕೈ?"

ಬಲಗೈ ತೋರಿಸಿದ. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಮತ್ತೆ ಕೇಳಿದೆ. ಎಡಗೈ ತೋರಿಸಿದ. ಕುಂಬಳಕಾಯಿ ಕಳ್ಳ ತಾನಾಗಿಯೇ ಹೆಗಲು ಮುಟ್ಟಿಕೊಳ್ಳಲಿ, ಕಾಯೋಣ.

೨ ಜುಲೈ, ಗುರುವಾರ

ಹತ್ತು! ಟ್ಯಾಂಕ್ ತುಂಬಿಸಿ, ಲೆಕ್ಕ ಹಾಕಿ, ಮತ್ತೆ ಲೆಕ್ಕ ಹಾಕಿದೆ. ಲೀಟರಿಗೆ ಹತ್ತರ ಮೇಲೆ ಒಂದಿಷ್ಟು. ಮೊದಲು ಖುಷಿಯಾಯಿತು, ಆಮೇಲೆ ಅನುಮಾನ ಹುಟ್ಟಿತು. ಹಿತ್ತಾಳೆ ಬಟ್ಟಲು, ಒಳಗೊಂದು ಗುಂಡು. ಇಷ್ಟಕ್ಕೆ ಪೆಟ್ರೋಲ್ ಉಳಿಯುವುದಾದರೆ ಕಾರು ಮಾಡುವ ಕಂಪನಿಯವರೇ ಯಾಕೆ ಹಾಕಿ ಕೊಡುವುದಿಲ್ಲ? ಅವರೇನು ನನಗಿಂತ ದಡ್ಡರೇ?

ಮನೆಗೆ ಬಂದು ಹೇಳಿದರೆ ಶಿವಬಸಮ್ಮನಿಗೆ ಸಂತೋಷವಿಲ್ಲ. "ಆತಲ್ರಿ ಪರೀಕ್ಷಿ. ಇನ್ನರ ಒಂದಿನ ಗಾಡಿ ಬಿಡ್ರಿ. ಹರಪನಹಳ್ಳಿ ಆಸ್ಪತ್ರಿಗೆ ಹೋಗೋದೈತಿ, ಮಂಡಿ ನೋವು."

"ಬಸ್ಸಿಗೆ ಹೋಗು."

"ಎಲ್ಲಾರಿಗೂ ಬಸ್ಸು ಹತ್ತಾಕ ಆಗತೈತೇನ್ರಿ?"

ಮೊನ್ನೆಯಷ್ಟೇ ಏಣಿ ಹಾಕಿ ಅಟ್ಟ ಹತ್ತಿದ್ದವಳು! ಎರಡು ತಿಂಗಳ ಕರಾರು ಮುಗಿಯಲಿ ಎಂದೆ. ಎದ್ದು ಒಳಗೆ ಹೋದಳು.

೬ ಜುಲೈ, ಸೋಮವಾರ

ಪಂಚಮಿಗೆ ಇನ್ನೊಂದು ತಿಂಗಳಿದೆ. ಆಗಲೇ ಶಿವಬಸಮ್ಮ ಶುರು ಮಾಡಿದ್ದಾಳೆ: "ಈ ಸಲನರ ಇಟ್ಟಿಗಿಗೆ ಹೋಗಿ ಜಂಬಕ್ಕನ್ನ ಕರಕೊಂಡು ಬರ್ರಿ. ತಮ್ಮ ಕರಿಯಾಕ ಬರಲಿಲ್ಲಂದ್ರ ಅದೆಂಥ ಪಂಚಮಿ ಆಕಿಗೆ?"

ಇಟ್ಟಿಗಿ ಊರಿಗೆ ಕೊಟ್ಟ ಜಂಬಕ್ಕ ನನ್ನ ಒಬ್ಬಳೇ ಅಕ್ಕ. ಅವ್ವ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದವಳು, ಇಲ್ಲವೆನ್ನುವುದಿಲ್ಲ. ಮೂರು ವರ್ಷದ ಹಿಂದೆ ಪಂಚಮಿಗೆ ಕರೆಯಲು ಹೋಗಿದ್ದೆ. ಉಂಡಿಗೆ ತುಪ್ಪ ಹಾಕಿದಳು. ಮೂಸಿದೆ. ಡಾಲ್ಡಾ ವಾಸನೆ ಬಂತು, ಕೇಳಿದೆ. ಕೇಳುವುದು ತಪ್ಪೇ? ಮೈದುನರ ಮಕ್ಕಳು, ಮರಿ, ಎಲ್ಲರ ಎದುರಿಗೆ ಅಂದಳು: "ಲೇ ಉಜ್ಜಿನಿ, ತಾಯಿ ಹಾಲಿನಾಗೂ ಯಾರರ ನೀರು ಬೆರಸ್ಯಾರಂತ ಅನುಮಾನ ನಿನಗ." ಎಲ್ಲರೂ ನಕ್ಕರು. ಎದ್ದು ಬಂದೆ. ಅಂದಿನಿಂದ ಆ ಊರಿನ ಕಡೆ ಗಾಡಿ ತಿರುಗಿಸಿಲ್ಲ. ಅವಳೂ ಹೇಳಿಕಳಿಸಿಲ್ಲ.

ಅದು ಡಾಲ್ಡಾ ವಾಸನೆಯೇ.

೧೩ ಜುಲೈ, ಸೋಮವಾರ

ಓಬಳೇಶ ಊಟಕ್ಕೆ ಹೋದಾಗ ಮೆಕ್ಯಾನಿಕ್ ನಾಗೇಂದ್ರಪ್ಪನನ್ನು ಕರೆಸಿ ಬಟ್ಟಲು ತೆಗೆಸಿಬಿಟ್ಟೆ. ಯಾರಿಗೂ ಹೇಳಿಲ್ಲ. ಈಗ ಗಾಡಿ ಬಟ್ಟಲಿಲ್ಲದೆ ಎಷ್ಟು ಓಡುತ್ತದೋ ನೋಡಬೇಕು. ಏಳಕ್ಕೆ ಇಳಿದರೆ ಪಾಲಾಕ್ಷಪ್ಪ ದೇವರಂಥವನು.

೨೦ ಜುಲೈ, ಸೋಮವಾರ

ಮಧ್ಯಾಹ್ನ ಮನೆಗೆ ಬಂದರೆ ಯಾರೋ ಒಬ್ಬ ಬಾಗಿಲಲ್ಲಿ ನಿಂತು ಶಿವಬಸಮ್ಮನ ಜೊತೆ ಮೆಲ್ಲಗೆ ಮಾತಾಡುತ್ತಿದ್ದ. ನನ್ನನ್ನು ನೋಡಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ಯಾರೆಂದು ಕೇಳಿದರೆ ಬಳೆಗಾರ ಎಂದಳು. ಬಳೆಗಾರನ ಹೆಗಲಲ್ಲಿ ಬಳೆ ಇರಲಿಲ್ಲ. ಅವಳ ಕಣ್ಣು ಕೆಂಪಾಗಿತ್ತು. ಉಳ್ಳಾಗಡ್ಡಿ ಹೆಚ್ಚಿದೆ ಎಂದಳು. ಸಾರಿನಲ್ಲಿ ಉಳ್ಳಾಗಡ್ಡಿ ಇರಲಿಲ್ಲ.

ಓಬಳೇಶನ ಜೊತೆಗೂ ಹಿತ್ತಲಲ್ಲಿ ಏನೋ ಹೇಳಿದಳು. ಅವನು ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಈ ಮನೆಯಲ್ಲಿ ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ.

೨೫ ಜುಲೈ, ಶನಿವಾರ

ಬಟ್ಟಲಿಲ್ಲದೆಯೂ ಹತ್ತು.

ನೇರ ಹರಪನಹಳ್ಳಿಗೆ ಹೋಗಿ ಪಾಲಾಕ್ಷಪ್ಪನ ಮುಂದೆ ಬಟ್ಟಲು ಕುಕ್ಕಿ ಕೇಳಿದೆ. ಅವನು ರೆಪ್ಪೆ ಬಡಿಯಲಿಲ್ಲ. "ಅದೇ ನೋಡ್ರಿ ಇದ್ರ ವಿಶೇಷ! ಒಂದ್ ತಿಂಗ್ಳು ಹಾಕಿದ್ರೆ ಸಾಕು, ಎಂಜಿನ್ನು ಕಲ್ತುಬಿಡ್ತತಿ. ಆಮೇಲೆ ತೆಗ್ದ್ರೂ ಮರಿಯಂಗಿಲ್ಲ."

ಮಗ್ಗಿ ಕಲಿಯಲು ಅದೇನು ಶಾಲೆಯ ಹುಡುಗನೇ! ಆದರೆ ನಾನೇ ಬರೆಸಿದ ಕಾಗದದಲ್ಲಿ 'ಮೈಲೇಜು ಏರದಿದ್ದರೆ' ಎಂದಿದೆ. ಏರಿದೆ. ಕಾಗದದ ಪ್ರಕಾರ ಗೆದ್ದವನು ಅವನೇ. ಬಟ್ಟಲನ್ನು ಮತ್ತೆ ಎತ್ತಿಕೊಂಡು ಹೊರಟೆ.

ಬರುವಾಗ ಓಬಳೇಶ, "ಹೋಗ್ಲಿ ಬಿಡ್ರಿ ಸಾವ್ಕಾರ್ರ, ಗಾಡಿ ಚಲೋ ಆತಲ್ಲ" ಎಂದ. ನನಗೆ ಸಮಾಧಾನ ಹೇಳಿದ. ಒಂದು ಗಳಿಗೆ ಇವನೊಬ್ಬ ಇದ್ದಾನಲ್ಲ ಎನ್ನಿಸಿತು.

೨೬ ಜುಲೈ, ಭಾನುವಾರ

ಬೆಳಿಗ್ಗೆಯಿಂದ ಒಂದೇ ಯೋಚನೆ. ಬಟ್ಟಲಿನಿಂದ ಏನೂ ಆಗಲಿಲ್ಲ, ಗಾಡಿ ಮೊದಲಿನಿಂದಲೂ ಹತ್ತು ಓಡುವಂಥದ್ದೇ. ಹಾಗಾದರೆ ದೀಪಾವಳಿಯಿಂದ ಜೂನ್‌ವರೆಗೆ ಆ ಪೆಟ್ರೋಲ್ ಎಲ್ಲಿ ಹೋಯಿತು? ಟ್ಯಾಂಕಿಗೆ ಬೀಗ, ಕೀಲಿ ನನ್ನ ಸೊಂಟದಲ್ಲಿ. ಹೊರಗೆ ತೆಗೆಯಲು ಬರುವುದಿಲ್ಲ. ಗಾಡಿಯಲ್ಲೇ ಸುಟ್ಟಿದೆ. ಅಂದರೆ ಗಾಡಿ ಓಡಿದೆ, ಮೀಟರ್ ಓಡಿಲ್ಲ.

ಬ್ಯಾಟರಿ ದೀಪ ಹಿಡಿದು ಗಾಡಿಯೊಳಗೆ ಅಂಗಾತ ಮಲಗಿ ಮೀಟರಿನ ಹಿಂಬದಿ ನೋಡಿದೆ. ಚಕ್ರದ ಓಟವನ್ನು ಮೀಟರಿಗೆ ತಿಳಿಸುವ ವೈರೊಂದು ಅಲ್ಲಿ ತಿರುಪಿನಿಂದ ಕೂತಿರುತ್ತದೆ. ಬಿಚ್ಚಿದರೆ ಗಾಡಿ ಕಾಶಿಗೆ ಹೋಗಿ ಬಂದರೂ ಮೀಟರಿಗೆ ಗೊತ್ತಾಗುವುದಿಲ್ಲ. ಸುತ್ತಲೂ ಬೆರಳು ದಪ್ಪ ಧೂಳು. ಆ ತಿರುಪು ಮಾತ್ರ ದಿನಾ ಮುಟ್ಟಿದ ಚಿಲಕದ ಹಾಗೆ ಫಳಫಳ.

ಈಗ ಎಲ್ಲ ಕೂಡಿತು. ಗುರುವಾರ ನಾನು ರೈಲು ಹತ್ತಿದ ಮೇಲೆ ಅವನು ನನ್ನ ಗಾಡಿಯಲ್ಲಿ ಬಾಡಿಗೆ ಹೊಡೆಯುತ್ತಿದ್ದ. ಆಸ್ಪತ್ರೆ ಬಾಡಿಗೆ. ಅದಕ್ಕೇ ಅರಳೆ, ಅದಕ್ಕೇ ಔಡಲೆಣ್ಣೆ.

ಅವನ ಚಟ್ನಿ ತಿಂದೆನಲ್ಲ ಎಂದು ಸಂಕಟವಾಗುತ್ತಿದೆ. ಮುಂದಿನ ಸೀಟಿನಲ್ಲಿ ಪಕ್ಕ ಕೂತು ಮೋಸ ಹೋದದ್ದು ಹಿಂದೆ ಕೂತು ಹೋಗಿದ್ದಕ್ಕಿಂತ ಹೆಚ್ಚು ನೋಯುತ್ತದೆ.

೨೭ ಜುಲೈ, ಸೋಮವಾರ

ಓಬಳೇಶನನ್ನು ಕೆಲಸದಿಂದ ತೆಗೆದೆ. ತಿರುಪು ತೋರಿಸಿ, "ಇದನ್ನ ಬಿಚ್ಚಿದಾವ ಯಾರು?" ಎಂದು ಕೇಳಿದೆ.

"ನಾನರಿ."

"ಯಾರನ್ನ ಕೂರಿಸಿಕೊಂಡು ಹೋಗ್ತಿದ್ದಿ?"

ತಲೆ ತಗ್ಗಿಸಿದ. ಎಷ್ಟು ಕೇಳಿದರೂ ಅಷ್ಟೇ. ಬಾಯಿ ಬಿಟ್ಟಿದ್ದರೆ, ಒಂದು ಸುಳ್ಳನ್ನಾದರೂ ಹೇಳಿದ್ದರೆ ಬೈಯಲು ಏನಾದರೂ ಸಿಗುತ್ತಿತ್ತು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಮುಂದಿನ ಎಡಗಡಿ ಟೈರಿಗೆ ಗಾಳಿ ಕಡಿಮಿ ಐತ್ರಿ, ನೋಡಿಸ್ರಿ" ಎಂದು ಹೇಳಿ ಹೋದ.

೨೮ ಜುಲೈ, ಮಂಗಳವಾರ

ಓಬಳೇಶನನ್ನು ಬಿಡಿಸಿದ ಸುದ್ದಿ ಶಿವಬಸಮ್ಮನಿಗೆ ಇವತ್ತು ನೀರಿಗೆ ಹೋದಲ್ಲಿ ದುರುಗಮ್ಮನಿಂದ ತಿಳಿಯಿತು. ಕೊಡ ಅಲ್ಲೇ ಬಿಟ್ಟು ನೇರ ಅಂಗಡಿಗೆ ಬಂದಳು. ನನ್ನ ಅಂಗಡಿಯ ಕಟ್ಟೆ ಹತ್ತಿದವಳಲ್ಲ ಅವಳು. ಹಮಾಲರ ಎದುರಿಗೇ ಅಂದಳು:

"ನಿಮ್ಮ ಪೆಟ್ರೋಲ್ ಕುಡಿದಾಕಿ ನಾನು. ವೈರು ಬಿಚ್ಚಂತ ಹೇಳಿದಾಕಿನೂ ನಾನಾ. ಆ ಮನಿಷಾನ್ನ ಯಾಕ ಕಳ್ಳ ಮಾಡಿದ್ರಿ?"

ಜಂಬಕ್ಕನಿಗೆ ಸಕ್ಕರೆ ಕಾಯಿಲೆಯಂತೆ. ದೀಪಾವಳಿಯ ಹೊತ್ತಿಗೆ ಕಾಲ ಬೆರಳಿಗೆ ಎದ್ದ ಹುಣ್ಣು ಮಾಯಲಿಲ್ಲ. ವಾರಕ್ಕೊಮ್ಮೆ ಹರಪನಹಳ್ಳಿ ಆಸ್ಪತ್ರೆಯಲ್ಲಿ ತೊಳೆದು ಕಟ್ಟಿಸಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಆದ್ದರಿಂದ ಪ್ರತಿ ಗುರುವಾರ ನಾನು ಹೊಸಪೇಟೆಯ ರೈಲು ಹತ್ತುತ್ತಲೇ ಇವರು ಇಟ್ಟಿಗಿ, ಅಲ್ಲಿಂದ ಹರಪನಹಳ್ಳಿ, ಮತ್ತೆ ಇಟ್ಟಿಗಿ, ಸಂಜೆಯೊಳಗೆ ಮನೆ. ಹುಣ್ಣು ಮಾಯುತ್ತ ಬಂದಿತ್ತಂತೆ. ಜೂನ್ ತಿಂಗಳಲ್ಲಿ ನಾನು ಗಾಡಿ ಹಿಡಿದಿಟ್ಟುಕೊಂಡೆ.

"ಹತ್ತು ದಿನದ ಹಿಂದ ಕಾಲು ಕಪ್ಪಾತಂತ. ಟ್ರ್ಯಾಕ್ಟರಿನ್ಯಾಗ ಹಾಸಿಗಿ ಹಾಸಿ ಒಯ್ದ್ರಂತ. ಎರಡು ಬೆರಳು ತಗದಾರ. ಅವತ್ತು ಬಳಿಗಾರ ಅಂದೆನಲ್ರಿ, ಆವ ಅದನ್ನ ಹೇಳಾಕ ಬಂದಿದ್ದ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬ್ತಿದ್ರೇನು? ಹುಣ್ಣಿಗೆ ಅರಿಷಿಣ ಬಡದು ನಾಟಕ ಮಾಡ್ತಾಳ ಅಂತಿದ್ರಿ. ಜಂಬಕ್ಕನೂ ಆಣಿ ಹಾಕಿಸಿದ್ಲು, ಅವನ ಮನಸಿಗೆ ಬಂದು ಅವನಾಗೇ ಬರ್ಲಿ, ಕಾಲು ತೋರಿಸಿ ಕರೀಬ್ಯಾಡ ಅಂತ."

ನಾನು ಅನ್ನುತ್ತಿರಲಿಲ್ಲ ಎನ್ನಲು ಬಾಯಿ ತೆರೆದೆ. ಅನ್ನುತ್ತಿದ್ದೆ.

೨೯ ಜುಲೈ

ಬರೆಯಲು ಮನಸ್ಸಿಲ್ಲ. ಮೂರು ಕಿಲೋಮೀಟರ್ ಉಳಿಸಿದೆ.

೩೧ ಜುಲೈ, ಶುಕ್ರವಾರ

ಓಬಳೇಶನ ಮನೆಗೆ ಹೋದೆ. ಅವನು ಒಳಗೆ ಚಾಪೆ ಕೊಡವುತ್ತಿದ್ದ. ದುರುಗಮ್ಮ ನೀರು ಕೊಡಲೋ ಬೇಡವೋ ಎಂದು ತಂಬಿಗೆ ಹಿಡಿದು ನಿಂತಳು. ಕೇಳಿ ಇಸಿದುಕೊಂಡು ಕುಡಿದೆ. ದಾರಿಯುದ್ದಕ್ಕೂ ಹೇಳಬೇಕೆಂದು ಕೂಡಿಸಿಕೊಂಡು ಬಂದಿದ್ದ ಮಾತೆಲ್ಲ ನೀರಿನ ಜೊತೆ ಒಳಗೇ ಹೋಯಿತು.

"ಎಡಗಡಿ ಟೈರಿಗೆ ಗಾಳಿ ಹಾಕಿಸೀನಿ" ಎಂದೆ.

"ಚಲೋ ಆತ್ರಿ."

"ನಾಡದು ಇಟ್ಟಿಗಿಗೆ ಹೋಗಬೇಕು. ಗಾಡಿ ತೊಳಿಬೇಕಲ್ಲ."

ಚಾಪೆ ಮಡಚಿ ಗೋಡೆಗೆ ಒರಗಿಸಿದ. "ನಿಮಗೊಂದು ಮಾತು ಹೇಳಾಕ ಬಾಳ ಸಲ ಬಾಯಿಗೆ ಬಂದಿತ್ರಿ ಸಾವ್ಕಾರ್ರ. ಅಮ್ಮೋರು ಆಣಿ ಹಾಕಿಸಿದ್ರು" ಎಂದ. ಗೊತ್ತು ಎಂದೆ. ತಪ್ಪಾಯಿತು ಎಂಬ ಮಾತು ಮಾತ್ರ ಹೊರಡಲಿಲ್ಲ. ಬರುವಾಗ ದುರುಗಮ್ಮನಿಗೆ, ನಿನ್ನ ಕಾರೆಳ್ಳು ಚಟ್ನಿ ಚೆನ್ನಾಗಿರುತ್ತದೆ ಎಂದು ಹೇಳಿ ಬಂದೆ. ಆಗ ಅವಳು ಅತ್ತಳು, ಯಾಕೋ.

೨ ಆಗಸ್ಟ್, ಭಾನುವಾರ

ಬೆಳಿಗ್ಗೆ ಹೊರಡುವ ಮೊದಲು ಓಬಳೇಶ ಗಾಡಿಯ ಬಾಗಿಲು ತೆರೆದು ನಿಂತ. "ಮೀಟರ್ ನೋಡಿ ಬರ್ಕೊಳ್ರಿ ಸಾವ್ಕಾರ್ರ. ನಾ ಮುಟ್ಟಿಲ್ಲ."

"ವೈರು ಬಿಚ್ಚು" ಎಂದೆ.

ಹಸಿ ಕಾಯಿಯನ್ನು ನಾನು ನೋಡುವ ಹಾಗೆ ನನ್ನನ್ನು ನೋಡಿದ.

"ಇಟ್ಟಿಗಿ ದಾರಿಗೆ ಹಂಗ ರೂಢಿ ಆಗೈತಲ್ಲ. ರೂಢಿ ಯಾಕ ಮುರೀಬೇಕು? ಬಿಚ್ಚು."

ಬಗ್ಗಿ ಕೈ ಹಾಕಿದ. ನೋಡದೆಯೇ ಬೆರಳಿಗೆ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಶಿವಬಸಮ್ಮ ಸೆರಗು ಬಾಯಿಗೆ ಹಿಡಿದು ಅತ್ತಳೋ ನಕ್ಕಳೋ ನಾನು ತಿರುಗಿ ನೋಡಲಿಲ್ಲ. ಮುಂದೆ ಕೂತೆ. ರಸ್ತೆಯ ಎರಡೂ ಬದಿಯ ಹೊಲದಲ್ಲಿ ಬಿತ್ತಿದ ಶೇಂಗಾ ಎಲ್ಲ ಹೂ ಬಿಡುತ್ತಿದೆ, ಮಳೆ ಇನ್ನೊಂದು ಬೇಕು.

ಜಂಬಕ್ಕ ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಸಣ್ಣಗಾಗಿದ್ದಾಳೆ. ಬಲಗಾಲಿಗೆ ಬಿಳಿ ಬಟ್ಟೆ ಸುತ್ತಿದೆ. ಬಾಗಿಲಲ್ಲೇ ನಿಂತುಬಿಟ್ಟೆ. ಅವಳೇ ಮಾತಾಡಿದಳು.

"ಬಾರಲೇ ಉಜ್ಜಿನಿ. ಯಾಕ ಅಲ್ಲೇ ನಿಂತಿ? ಬೆರಳು ಖರೇನಾ ಹೋಗ್ಯಾವೋ ಇಲ್ಲೋ, ಬೇಕಂದ್ರ ಕಾಲು ಅಲ್ಲಾಡಿಸಿ ನೋಡು."

ಯಾರೂ ನಗಲಿಲ್ಲ. ಹೋಗಿ ಅವಳ ಕಾಲ ಹತ್ತಿರ ಕೂತೆ. ಬಟ್ಟೆಯ ಮೇಲೆ ಕೈ ಇಡಲು ಹೆದರಿಕೆಯಾಯಿತು. "ಅಕ್ಕ, ಪಂಚಮಿಗೆ ಕರಿಯಾಕ ಬಂದೀನಿ" ಎಂದೆ. ಐವತ್ತೆರಡು ವರ್ಷದ ಗಂಡಸು ನಾನು, ಅವಳ ಮೈದುನರ ಮಕ್ಕಳ ಎದುರಿಗೆ ಅತ್ತೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟು, "ಕೊಬ್ಬರಿ ಎಣ್ಣಿ ಹಚ್ಚಿ ಹಚ್ಚಿ ಕೂದಲೆಲ್ಲ ಉದುರ್ಯಾವ ನೋಡು, ಔಡಲೆಣ್ಣಿ ಹಚ್ಚಂತ ಎಷ್ಟು ಸಲ ಹೇಳೀನಿ" ಎಂದಳು.

ಉಣ್ಣದೆ ಕಳಿಸಲಿಲ್ಲ. ತಂಬಿಟ್ಟಿನ ಉಂಡಿಗೆ ಅವಳೇ ತುಪ್ಪ ಹಾಕಿದಳು. ಚೆನ್ನಾಗಿತ್ತು. ಇನ್ನೊಂದು ಹಾಕಿಸಿಕೊಂಡೆ.

ನಾನೂ ಓಬಳೇಶನೂ ಕೈ ಕೂಡಿಸಿ ಎತ್ತಿ ಗಾಡಿಯಲ್ಲಿ ಕೂರಿಸಿದೆವು. ಹಿಂದಕ್ಕೆ ಒರಗಿದಳು, ತಲೆ ಸರಿಯಾಗಿ ಆ ಎಣ್ಣೆಯ ಕಲೆಯ ಮೇಲೇ ಕೂತಿತು. ದಾರಿಯಲ್ಲಿ ಹರಪನಹಳ್ಳಿ ಆಸ್ಪತ್ರೆಗೆ ಹೋಗಿ ಕಟ್ಟಿಸಿಕೊಂಡು ಬಂದೆವು. ಡಾಕ್ಟರು ಹಚ್ಚಿದ ಮುಲಾಮನ್ನು ನಾನು ಮೂಸಿ ನೋಡಿದ್ದು ನಿಜ. ಶಿವಬಸಮ್ಮ ಕಣ್ಣು ಬಿಟ್ಟಳು, ಸುಮ್ಮನಾದೆ.

ಈಗ ಅಕ್ಕ ನಡುಮನೆಯಲ್ಲಿ ಮಲಗಿದ್ದಾಳೆ. ಪಾಲಾಕ್ಷಪ್ಪನ ಹಿತ್ತಾಳೆ ಬಟ್ಟಲಿನಲ್ಲಿ ಶಿವಬಸಮ್ಮ ಊದಿನಕಡ್ಡಿ ಚುಚ್ಚಿ ದೇವರ ಜಗುಲಿಯ ಮುಂದೆ ಇಟ್ಟಿದ್ದಾಳೆ. ಅದಕ್ಕೆ ಬೇಕಾದಷ್ಟು ತೂತುಗಳಿವೆ. ಮೀಟರಿನ ವೈರು ಬಿಚ್ಚಿದ್ದು ಹಾಗೇ ಇರಲಿ, ಅಕ್ಕನನ್ನು ಇಟ್ಟಿಗಿಗೆ ಬಿಟ್ಟು ಬಂದ ಮೇಲೆ ಹಾಕಿದರಾಯಿತು ಎಂದು ಓಬಳೇಶನಿಗೆ ಹೇಳಿದ್ದೇನೆ. ಯಾವಾಗ ಬಿಡುವುದು ಎಂದು ಕೇಳಿದ. ನೋಡೋಣ ಎಂದೆ.

ರೂಢಿಯಂತೆ ಸಂಜೆ ಹೋಗಿ ಬಗ್ಗಿ ನೋಡಿದೆ. ಬೆಳಿಗ್ಗೆ ಮೀಟರ್ ಎಷ್ಟಿತ್ತೋ ಈಗಲೂ ಅಷ್ಟೇ ಇದೆ.